ನೆದರ್ಲೆಂಡ್ಸ್ ಕಂಪನಿಯಲ್ಲಿ ‘ನಂಬಿಕೆಯ ಸಲಹೆಗಾರ’ರ ಕೆಲಸ: ನಮ್ಮ ಐಸಿ ಥರದ್ದೇನಾ?

ಅಕ್ಕಿರೊಟ್ಟಿ_ಐಂಡ್‌ಹೋವನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಐಂಡ್‌ಹೋವನ್ ಹತ್ತಿರದ ಒಂದು ಎಂಜಿನಿಯರಿಂಗ್ ಕಂಪನಿ, 140 ಜನ. ಮೂರರಲ್ಲೊಂದು ಪಾಲು ಭಾರತದವರು, ಅದರಲ್ಲಿ ಕನ್ನಡದವರೇ ಹದಿನೈದಿಪ್ಪತ್ತು ಮಂದಿ. ಇಲ್ಲಿ ‘ವರ್ಟ್ರೌವನ್ಸ್‌ಪರ್ಸೋನ್’, ಅಂದರೆ ಕಿರುಕುಳದಂಥ ತೊಂದರೆಯನ್ನು ನೌಕರರು ಗುಟ್ಟಾಗಿ ಹೇಳಿಕೊಳ್ಳಬಹುದಾದ ನಂಬಿಕೆಯ ಸಲಹೆಗಾರ ಅಂತ ಒಂದು ಜವಾಬ್ದಾರಿ ಇರುತ್ತಲ್ಲ, ಅದಕ್ಕೆ ಒಳಗಿನವರೊಬ್ಬರು, ಹೊರಗಿನ ಏಜೆನ್ಸಿಯವರೊಬ್ಬರು ಬೇಕಂತೆ. ಒಳಗಿನ ಜಾಗಕ್ಕೆ ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತಿರುವುದು ಬೆಂಗಳೂರಿನ ಕಂಪನಿಗಳಲ್ಲಿರುವ ಪಾಶ್ ಕಾಯ್ದೆಯ (ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ) ಐಸಿ, ಅಂದರೆ ಆಂತರಿಕ ಸಮಿತಿ ಮಾತ್ರ. ಇದೂ ಅದೇ ಥರದ್ದಾ? ಯಾರಾದರೂ ಬಂದು ಹೇಳಿಕೊಂಡರೆ ಮೊದಲ ದಿನ ಏನು ಮಾಡಬೇಕು, ಏನು ಮಾಡಬಾರದು? ಗುಟ್ಟು ಅಂದರೆ ಎಷ್ಟರಮಟ್ಟಿಗೆ ಗುಟ್ಟು? ಇನ್ನೊಂದು, ನೇಮಕದ ಕರಡಿನಲ್ಲಿ ‘ಸುರಕ್ಷಿತ ಕೆಲಸದ ವಾತಾವರಣ ಬೆಳೆಸುವುದು’ ಅಂತ ಒಂದು ಸಾಲಿದೆ. ಪೋಸ್ಟರ್ ಅಂಟಿಸುವುದು ಬಿಟ್ಟರೆ ಅದಕ್ಕೆ ಬೇರೇನಾದರೂ ಅರ್ಥ ಇದೆಯಾ?

ಕಡತದ_ಕಟ್ಟು

ಐಸಿ ವಿಚಾರಣೆ ಮಾಡುವ ಸಮಿತಿ. 2013ರ ಕಾಯ್ದೆ ಅದಕ್ಕೆ ಸಿವಿಲ್ ಕೋರ್ಟಿನ ಕೆಲವು ಅಧಿಕಾರಗಳನ್ನೇ ಕೊಟ್ಟಿದೆ. ಸಾಕ್ಷಿಗಳನ್ನು ಕರೆಸಬಹುದು, ದಾಖಲೆ ತರಿಸಬಹುದು. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು, 90 ದಿನದಲ್ಲಿ ವಿಚಾರಣೆ, ಮುಗಿದ 10 ದಿನದಲ್ಲಿ ವರದಿ, ವರದಿ ಕೈಸೇರಿದ 60 ದಿನದಲ್ಲಿ ಕ್ರಮ. ಕೊನೆಗೆ ಸಾಬೀತಾಯಿತೋ ಇಲ್ಲವೋ ಅಂತ ಸಮಿತಿ ಬಾಯಿಬಿಟ್ಟು ಹೇಳಲೇಬೇಕು. ಅದೂ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ.

ನೆದರ್ಲೆಂಡ್ಸ್‌ನ ನಂಬಿಕೆಯ ಸಲಹೆಗಾರರಿಗೆ ಇದರಲ್ಲಿ ಒಂದು ಅಧಿಕಾರವೂ ಇಲ್ಲ, ಇರಲೂಬಾರದು. ಅವರು ತೀರ್ಪು ಕೊಡೋದಿಲ್ಲ, ಆರೋಪ ಹೊತ್ತವರನ್ನು ಕರೆದು ಕೇಳೋದಿಲ್ಲ, ರಾಜಿ ಪಂಚಾಯ್ತಿ ಮಾಡೋದಿಲ್ಲ. ಹೇಳಿಕೊಳ್ಳಲು ಬಂದವರ ಜೊತೆ ಕೂತು, ಯಾವ ಯಾವ ದಾರಿ ಇದೆ, ಯಾವ ದಾರಿ ಹಿಡಿದರೆ ಏನು ಲಾಭ, ಏನು ನಷ್ಟ ಅಂತ ತೋರಿಸೋದು, ಆರಿಸಿದ ದಾರಿಯಲ್ಲಿ ಜೊತೆಗೆ ನಡೆಯೋದು ಅವರ ಕೆಲಸ. ವಿಚಾರಣೆ ಬೇಕಾದರೆ ಅದಕ್ಕೆ ಬೇರೆ ದೂರು ಸಮಿತಿ ಇರುತ್ತೆ. ನೀವು ಎರಡರಲ್ಲೂ ಇರಬಾರದು.

ಕಾನೂನಿನ ಬುಡ ಎಲ್ಲಿದೆ ಅಂದರೆ, ಆರ್ಬೋವೆಟ್ ಅನ್ನುವ ಕೆಲಸದ ಪರಿಸ್ಥಿತಿ ಕಾಯ್ದೆಯ 3ನೇ ಕಲಮಿನಲ್ಲಿ. ಲೈಂಗಿಕ ಕಿರುಕುಳ, ಆಕ್ರಮಣ ಮತ್ತು ಹಿಂಸೆ, ಪೀಡಿಸುವಿಕೆ, ತಾರತಮ್ಯ, ಕೆಲಸದ ಒತ್ತಡ ಈ ಐದನ್ನೂ ‘ಮಾನಸಿಕ-ಸಾಮಾಜಿಕ ಹೊರೆ’ ಅಂತ ಒಟ್ಟಿಗೆ ಕಟ್ಟಿ, ತಡೆಗಟ್ಟುವ ನೀತಿ ಮಾಡು ಅಂತ ಅದು ಮಾಲೀಕರಿಗೆ ಹೇಳುತ್ತೆ. ಅಪಾಯಗಳ ಪಟ್ಟಿ, ಇಲ್ಲಿನವರ ಬಾಯಲ್ಲಿ ಆರ್‌ಐ-ಅಂಡ್-ಇ, ಅದರಲ್ಲೂ ಇವು ಬರಲೇಬೇಕು. ಸಲಹೆಗಾರರನ್ನೇ ಕಡ್ಡಾಯ ಮಾಡುವ ಮಸೂದೆಗೆ 2023ರ ಮೇನಲ್ಲಿ ಕೆಳಮನೆ ಒಪ್ಪಿಗೆ ಕೊಟ್ಟಿತು. 10 ಜನಕ್ಕಿಂತ ಕಡಿಮೆ ಇರುವ ಕಡೆ ಅದರಲ್ಲಿ ವಿನಾಯಿತಿ. ನಿಮ್ಮದು 140 ಜನ ಅಂದಮೇಲೆ ನೌಕರರ ಮಂಡಳಿ, ಅಂದರೆ ಓಆರ್ ಇರಲೇಬೇಕು, 50 ಜನ ಮುಟ್ಟಿದರೆ ಕಡ್ಡಾಯ. ಇಂಥ ನಿಯಮಾವಳಿಗೆ ಓಆರ್ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಡೈರೆಕ್ಟರು ಕೈತೋರಿಸಿ ನೇಮಿಸಿದರೆ ‘ಇವರು ಮ್ಯಾನೇಜ್‌ಮೆಂಟಿನ ಕಡೆಯವರು’ ಅನ್ನುವ ಹಣೆಪಟ್ಟಿ ಮೊದಲ ದಿನವೇ ಅಂಟಿಕೊಳ್ಳುತ್ತೆ.

ಎಚ್‌ಆರ್, ಟೀಮ್ ಮ್ಯಾನೇಜರ್, ಕಂಪನಿ ವಕೀಲರು ಈ ಕುರ್ಚಿಯಲ್ಲಿ ಕೂರಬಾರದು. ಎಚ್‌ಆರ್ ಎಷ್ಟೇ ಒಳ್ಳೆಯವರಾಗಿರಲಿ, ನಾಳೆ ಅದೇ ವ್ಯಕ್ತಿಯ ಕಾಂಟ್ರ್ಯಾಕ್ಟ್ ಮುಂದುವರಿಸಬೇಕೋ ಬೇಡವೋ ಅನ್ನುವ ಸಭೆಯಲ್ಲಿ ಅವರೇ ಇರುತ್ತಾರೆ.

ಅಂದಹಾಗೆ, ಇಲ್ಲಿ ಇದನ್ನು ಚುಟುಕಾಗಿ ‘ವಿಪಿ’ ಅಂತಾರೆ. ನಮ್ಮವರು ವೈಸ್ ಪ್ರೆಸಿಡೆಂಟ್ ಅಂದುಕೊಂಡು ಹತ್ತಿರಕ್ಕೇ ಬರೋದಿಲ್ಲ. ಪೋಸ್ಟರಿನಲ್ಲಿ ಪೂರ್ತಿ ಹೆಸರು ಹಾಕಿಸಿ.

ಮಾತು_ಕಡಿಮೆ

ಮೊದಲ ಭೇಟಿಯ ಬಗ್ಗೆ ಬರೀತೀನಿ. ತೊಂಬತ್ತು ಪಾಲು ತಪ್ಪು ಆಗೋದು ಅಲ್ಲೇ.

ಭೇಟಿಗೂ ಮುಂಚೆ ಶುರುವಾಗುತ್ತೆ ಎಡವಟ್ಟು. ಬಂದವರು ‘ಮಾತಾಡಬೇಕಿತ್ತು’ ಅಂದ ತಕ್ಷಣ ನೀವು ಔಟ್‌ಲುಕ್‌ನಲ್ಲಿ ಮೀಟಿಂಗ್ ಕಳಿಸಿದರೆ, ಅವರ ಕ್ಯಾಲೆಂಡರ್ ನೋಡುವ ಹಕ್ಕಿರುವ ಮ್ಯಾನೇಜರಿಗೆ ನಿಮ್ಮ ಹೆಸರೂ ಸಮಯವೂ ಕಾಣುತ್ತೆ. ಗಾಜಿನ ಮೀಟಿಂಗ್ ರೂಮು ಹಿಡಿದರಂತೂ ಇಡೀ ಫ್ಲೋರಿಗೆ ಡಂಗುರ. ಫೋನಿನಲ್ಲಿ ಸಮಯ ಗೊತ್ತು ಮಾಡಿ, ಬೇರೆ ಕಟ್ಟಡ ಅಥವಾ ಆಫೀಸಿನ ಹೊರಗೆ ಸೇರಿ, ಒಂದು ಗಂಟೆ ಇಟ್ಟುಕೊಳ್ಳಿ. ಟೈಮ್‌ಶೀಟಿನಲ್ಲಿ ಈ ಕೆಲಸಕ್ಕೆ ತಿಂಗಳಿಗಿಷ್ಟು ಅಂತ ಒಂದೇ ಒಟ್ಟು ಕೋಡ್ ಇರಲಿ. ದಿನದ ಲೆಕ್ಕ ಬರೆದರೆ ಯಾರು ಯಾವಾಗ ಸೀಟಿನಲ್ಲಿರಲಿಲ್ಲ ಅಂತ ತಾಳೆ ಹಾಕೋದು ಕಷ್ಟವಲ್ಲ.

ಕೂತ ಮೇಲೆ, ಅವರು ಕಥೆ ಶುರು ಮಾಡುವ ಮುಂಚೆ, ಗುಟ್ಟಿನ ಗಡಿ ಎಲ್ಲಿವರೆಗೆ ಅಂತ ನೀವು ಹೇಳಿ ಮುಗಿಸಬೇಕು. ಎಲ್ಲಾ ಕೇಳಿಸಿಕೊಂಡ ಮೇಲೆ ‘ಇದನ್ನು ಮುಚ್ಚಿಡೋಕಾಗಲ್ಲ’ ಅಂದರೆ ಅದು ಮೋಸ. ಹೀಗೆ ಹೇಳಬಹುದು: ‘ನೀವು ಹೇಳಿದ್ದನ್ನು ನಿಮ್ಮನ್ನು ಕೇಳದೆ ಯಾರಿಗೂ ಹೇಳೋದಿಲ್ಲ, ನಿಮ್ಮನ್ನು ಕೇಳದೆ ಯಾವ ಹೆಜ್ಜೆಯನ್ನೂ ಇಡೋದಿಲ್ಲ. ಯಾರದಾದರೂ ಜೀವಕ್ಕೆ ಅಪಾಯ, ಅಥವಾ ಗಂಭೀರ ಅಪರಾಧ ಅಂತ ಗೊತ್ತಾದರೆ ಮಾತ್ರ ನಾನು ಸುಮ್ಮನಿರೋಕಾಗಲ್ಲ. ಆಗಲೂ ಮೊದಲು ನಿಮಗೇ ತಿಳಿಸ್ತೀನಿ.’

ಆಮೇಲೆ ಕೇಳಿ, ಸುಮ್ಮನೆ ಕೇಳಿ. ಮೊದಲ ಇಪ್ಪತ್ತು ನಿಮಿಷ ಸಲಹೆ ಬೇಡ. ಕಥೆ ಒಂದು ಸುತ್ತು ಬಂದಮೇಲೆ ವಿವರಕ್ಕೆ ಇಳಿಯಿರಿ. ಯಾವ ದಿನ, ಎಲ್ಲಿ, ಯಾರಿದ್ದರು, ಬಾಯಿಂದ ಬಂದ ಮಾತು ಅಕ್ಷರಶಃ ಏನು. ‘ಅವಮಾನ ಮಾಡಿದ್ರು’ ಅನ್ನೋದು ಅನಿಸಿಕೆ. ‘ಮಂಗಳವಾರದ ರಿವ್ಯೂನಲ್ಲಿ ಎಂಟು ಜನರ ಎದುರು ನನ್ನ ಉಚ್ಚಾರಣೆಯನ್ನು ಅಣಕಿಸಿ ತೋರಿಸಿದ್ರು’ ಅನ್ನೋದು ಘಟನೆ. ಇದನ್ನೆಲ್ಲ ಅವರೇ ಮನೆಯಲ್ಲಿ, ಸ್ವಂತ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಳ್ಳಲಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಬೇಡ. ಕೆಲಸ ಬಿಟ್ಟ ದಿನ ಅದು ಕೈತಪ್ಪುತ್ತೆ.

ಆಮೇಲೆ ದಾರಿಗಳು. ತಾವೇ ನೇರವಾಗಿ ಹೇಳುವುದು (ನೀವು ಜೊತೆಗೆ ಕೂತು ಅಭ್ಯಾಸ ಮಾಡಿಸಬಹುದು). ಮೇಲಿನ ಮ್ಯಾನೇಜರ್ ಹತ್ತಿರ ಹೋಗುವುದು. ಇಬ್ಬರೂ ಒಪ್ಪಿದರೆ ಹೊರಗಿನ ಮಧ್ಯಸ್ಥರು. ದೂರು ಸಮಿತಿಗೆ ಲಿಖಿತ ದೂರು. ಕಂಪನಿ ಡಾಕ್ಟರು, ಇವರ ಹತ್ತಿರ ಕಾಯಿಲೆ ರಜೆ ಹಾಕದೆಯೂ ಹೋಗಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ತಾರತಮ್ಯವಾದರೆ ಉಟ್ರೆಖ್ಟ್‌ನಲ್ಲಿರುವ ಮಾನವ ಹಕ್ಕುಗಳ ಸಂಸ್ಥೆ, ಅಲ್ಲಿ ಫೀಸಿಲ್ಲ. ಅಪರಾಧವಾದರೆ ಪೊಲೀಸ್. ಸದ್ಯಕ್ಕೆ ಏನೂ ಮಾಡದಿರುವುದೂ ಒಂದು ದಾರಿಯೇ, ಅದನ್ನೂ ಪಟ್ಟಿಯಲ್ಲಿ ಹೇಳಿ. ಔಪಚಾರಿಕ ದೂರು ಕೊಟ್ಟರೆ ಹೆಸರು ಮುಚ್ಚಿಡೋಕಾಗಲ್ಲ, ಎದುರಿನವರಿಗೂ ಉತ್ತರಿಸುವ ಹಕ್ಕಿದೆ ಅನ್ನೋದನ್ನು ಇಲ್ಲೇ ಸ್ಪಷ್ಟ ಮಾಡಿ.

ಒಂದೆರಡು ವಾರದಲ್ಲಿ ಮತ್ತೆ ಸೇರುವ ದಿನ ಗೊತ್ತು ಮಾಡದೆ ಏಳಬೇಡಿ. ಪ್ರಕರಣ ಮುಗಿದ ಮೂರು ತಿಂಗಳಿಗೆ ಇನ್ನೊಂದು ಫೋನ್ ಮಾಡಿ. ಸೇಡು ತೀರಿಸುವವರು ಆವೇಶದಲ್ಲಿ ತೀರಿಸೋದಿಲ್ಲ, ಅಪ್ರೈಸಲ್ ಬರುವವರೆಗೆ ಕಾಯ್ತಾರೆ.

ಮಾಡಬಾರದ್ದು ಒಂದೇ ಒಂದು ಹೇಳು ಅಂದರೆ: ‘ನಾನು ಆ ಹುಡುಗನಿಗೆ ಮೆಲ್ಲಗೆ ಒಂದು ಮಾತು ಹೇಳ್ತೀನಿ ಬಿಡಿ’. ನಮ್ಮವರಿಗೆ ಇದು ರಕ್ತದಲ್ಲೇ ಇದೆ, ಹಿರಿಯರು ಕರೆದು ಬುದ್ಧಿ ಹೇಳಿದರೆ ಮುಗೀತು ಅಂತ. ಆ ಒಂದು ಮಾತಿನಿಂದ ಬಂದವರ ಹೆಸರು ಹೊರಬಿತ್ತು, ನೀವು ಪಕ್ಷ ವಹಿಸಿದಿರಿ, ಮುಂದೆ ಸಮಿತಿ ತನಿಖೆ ಮಾಡಿದರೆ ನೀವೇ ಸಾಕ್ಷಿ.

ಬ್ರಸೆಲ್ಸ್_ಬಿಸಿಬೇಳೆ

ಗುಟ್ಟಿನ ವಿಷಯಕ್ಕೆ ಒಂದು ಸೇರ್ಪಡೆ, ಯಾಕೆಂದರೆ ಗಡಿಯ ಆಚೆ ಈಚೆ ನಿಯಮ ಬೇರೆ. ಬೆಲ್ಜಿಯಂನಲ್ಲಿ ಈ ಸಲಹೆಗಾರರಿಗೆ ದಂಡಸಂಹಿತೆಯ ವೃತ್ತಿ ಗೌಪ್ಯ ಅನ್ವಯ ಆಗುತ್ತೆ, ಡಾಕ್ಟರಿಗೆ ಇರುವ ಹಾಗೆ. ನೆದರ್ಲೆಂಡ್ಸ್‌ನಲ್ಲಿ ಹಾಗಿಲ್ಲ. ಕೋರ್ಟು ಸಾಕ್ಷಿಗೆ ಕರೆದರೆ ‘ನಾನು ಹೇಳೋದಿಲ್ಲ’ ಅನ್ನುವ ಕಾನೂನಿನ ಹಕ್ಕು ಸಲಹೆಗಾರರಿಗೆ ಇಲ್ಲ. ಅದಕ್ಕೇ ‘ನೂರಕ್ಕೆ ನೂರು ಗುಟ್ಟು’ ಅಂತ ಪೋಸ್ಟರಿನಲ್ಲೂ ಬರೆಸಬೇಡಿ.

ಇದರಿಂದಲೇ ಟಿಪ್ಪಣಿ ಹೇಗೆ ಬರೀಬೇಕು ಅನ್ನೋದೂ ತೀರ್ಮಾನ ಆಗುತ್ತೆ. ಬರೆದದ್ದೆಲ್ಲ ಒಂದು ದಿನ ಇನ್ನೊಬ್ಬರ ಮೇಜಿನ ಮೇಲೆ ಬರಬಹುದು ಅಂದುಕೊಂಡೇ ಬರೆಯಿರಿ. ಹೆಸರಿನ ಜಾಗದಲ್ಲಿ ಸಂಖ್ಯೆ, ದಿನಾಂಕ, ಯಾವ ಬಗೆಯ ವಿಷಯ, ಯಾವ ದಾರಿಗಳನ್ನು ಹೇಳಲಾಯಿತು, ಬಂದವರು ಏನು ತೀರ್ಮಾನಿಸಿದರು. ನಿಮ್ಮ ಅನಿಸಿಕೆ ಬೇಡ. ‘ಉತ್ಪ್ರೇಕ್ಷೆ ಮಾಡ್ತಿದ್ದಾರೆ ಅನ್ನಿಸಿತು’ ಅಂತ ಅಂಚಿನಲ್ಲಿ ಗೀಚಿದ ಒಂದು ಸಾಲು ಆ ವ್ಯಕ್ತಿಯ ಕೇಸನ್ನೇ ಮುಳುಗಿಸುತ್ತೆ. ಕಂಪನಿ ಸರ್ವರಿನಲ್ಲಿ ಇಡಬೇಡಿ, ಐಟಿಯವರಿಗೆ ಅಡ್ಮಿನ್ ಹಕ್ಕಿರುತ್ತೆ. ಎಷ್ಟು ದಿನ ಇಟ್ಟು ಯಾವಾಗ ಅಳಿಸಬೇಕು ಅನ್ನೋದನ್ನು ಮೊದಲೇ ನಿಯಮಾವಳಿಯಲ್ಲಿ ಬರೆಸಿ. ನಡುವೆ ಯಾರೋ ಕೇಳಿದಾಗ ಅಳಿಸಿದರೆ ಸಾಕ್ಷ್ಯ ನಾಶ ಅಂತಾಗುತ್ತೆ.

ಬೆಲ್ಜಿಯಂನಲ್ಲಿ 50 ಅಥವಾ ಹೆಚ್ಚು ಜನ ಇರುವ ಕಡೆ 2023ರ ಡಿಸೆಂಬರ್ 1ರಿಂದ ಇದು ಕಡ್ಡಾಯ. 5 ದಿನದ ತರಬೇತಿ, ನೇಮಕವಾದ ಎರಡು ವರ್ಷದೊಳಗೆ. ನಿಮ್ಮ ಕಡೆ ಮೂಲ ತರಬೇತಿ ಸಾಮಾನ್ಯವಾಗಿ 3 ದಿನ, ಆಮೇಲೆ ಎಲ್‌ವಿವಿ ಅನ್ನುವ ಸಲಹೆಗಾರರ ರಾಷ್ಟ್ರೀಯ ಸಂಘದಲ್ಲಿ ನೋಂದಣಿ ಮಾಡಿಸಬಹುದು. ತರಬೇತಿಯ ಬಹುಪಾಲು ಮಾತುಕತೆಯ ಅಭ್ಯಾಸ. ಅದು ಡಚ್‌ನಲ್ಲಿ ಕಷ್ಟವಾದರೆ ಇಂಗ್ಲಿಷ್ ಬ್ಯಾಚು ಕೇಳಿ, ಅರ್ಧಂಬರ್ಧ ಅರ್ಥವಾಗಿ ಪ್ರಯೋಜನವಿಲ್ಲ.

ಕಡತದ_ಕಟ್ಟು

@ಬ್ರಸೆಲ್ಸ್_ಬಿಸಿಬೇಳೆ ಸರಿಯಾದ ಮಾತು. ಇನ್ನೊಂದು ಎಳೆ: ಬರುವವರೆಲ್ಲ ಕಿರುಕುಳದ ವಿಷಯವೇ ತರೋದಿಲ್ಲ. ‘ಟೆಸ್ಟ್ ರಿಪೋರ್ಟ್ ತಿದ್ದುತ್ತಿದ್ದಾರೆ’ ಅಂತಲೂ ಬರಬಹುದು. ಅದು 2023ರ ಫೆಬ್ರವರಿ 18ರಂದು ಜಾರಿಯಾದ ವಿಷಲ್‌ಬ್ಲೋವರ್ (ಒಳಗಿನ ಅಕ್ರಮ ಬಯಲು ಮಾಡುವವರು) ರಕ್ಷಣೆ ಕಾಯ್ದೆಯ ಕೆಳಗೆ ಹೋಗುತ್ತೆ. 50 ಅಥವಾ ಹೆಚ್ಚು ಜನ ಇದ್ದರೆ ಒಳಗಿನ ವರದಿ ವ್ಯವಸ್ಥೆ ಇರಬೇಕು, ವರದಿ ಬಂದ 7 ದಿನದಲ್ಲಿ ಸ್ವೀಕೃತಿ, 3 ತಿಂಗಳೊಳಗೆ ಏನಾಯಿತು ಅನ್ನುವ ಉತ್ತರ. ವರದಿ ಕೊಟ್ಟ ಮೇಲೆ ತೊಂದರೆ ಕೊಟ್ಟರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಸಾಬೀತು ಮಾಡುವ ಹೊರೆ ಮಾಲೀಕರದ್ದು. ನಿಮ್ಮ ಹತ್ತಿರ ಗುಟ್ಟಾಗಿ ಸಲಹೆ ಕೇಳಬಹುದು. ಆದರೆ ಔಪಚಾರಿಕ ವರದಿ ಸ್ವೀಕರಿಸುವವರು ನೀವಾಗಬೇಡಿ. ನಿಮಗೆ ಸಿಕ್ಕಿದ್ದು ಕಂಪನಿಗೇ ತಿಳಿದಂತೆ ಅಂತ ಲೆಕ್ಕವಾದರೆ ಗುಟ್ಟು ಎಲ್ಲಿ ಉಳೀತು?

ಮಾಗಡಿ_ಟು_ಆಮ್‌ಸ್ಟೆಲ್‌ವೇನ್

ನಮ್ಮವರು ಬಂದಾಗ ಏನಾಗುತ್ತೆ ಅನ್ನೋದನ್ನು ಯಾರೂ ಹೇಳಲಿಲ್ಲ. ಅವರು ಬಾಯಿ ಬಿಡದಿರೋಕೆ ಮೊದಲ ಕಾರಣ ವೀಸಾ. ‘ದೂರು ಕೊಟ್ಟರೆ ವಾಪಸ್ ಕಳಿಸಿಬಿಡ್ತಾರೆ’. ಸಲಹೆಗಾರರಿಗೆ ಇಲ್ಲಿ ನಾಲ್ಕು ವಿಷಯ ಗೊತ್ತಿರಬೇಕು. ಒಂದು, ದೂರು ಕೊಡುವುದಕ್ಕೂ ರೆಸಿಡೆನ್ಸ್ ಪರ್ಮಿಟ್ಟಿಗೂ ಸಂಬಂಧವಿಲ್ಲ, ಪರ್ಮಿಟ್ಟು ನಿಂತಿರೋದು ಕೆಲಸ ಮತ್ತು ಸಂಬಳದ ಮೇಲೆ. ಎರಡು, ಪ್ರೊಬೇಷನ್ ಮುಗಿದ ಮೇಲೆ ಇಲ್ಲಿ ಸಾಮಾನ್ಯವಾಗಿ ನಾಳೆಯಿಂದ ಬರಬೇಡ ಅನ್ನೋಕಾಗಲ್ಲ. ಯುಡಬ್ಲ್ಯುವಿ ಎಂಬ ಸರ್ಕಾರಿ ಸಂಸ್ಥೆಯ ಅನುಮತಿ ಬೇಕು, ಇಲ್ಲವೇ ಕೋರ್ಟು, ಇಲ್ಲವೇ ಇಬ್ಬರ ಒಪ್ಪಂದ. ಮೂರು, ಆ ಒಪ್ಪಂದದ ಕಾಗದಕ್ಕೆ ಸಹಿ ಹಾಕಿಬಿಟ್ಟರೂ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಪಡೆಯಬಹುದು. ನಾಲ್ಕು, ಕೆಲಸ ಹೋದರೂ ಕೆನ್ನಿಸ್‌ಮಿಗ್ರಂಟ್ (ಹೊರದೇಶದ ಪರಿಣತ ನೌಕರರ) ಪರ್ಮಿಟ್ಟಿನವರಿಗೆ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 3 ತಿಂಗಳು ಸಿಗುತ್ತೆ, ಪರ್ಮಿಟ್ಟಿನ ಅವಧಿ ಅಷ್ಟರೊಳಗೆ ಮುಗಿಯದಿದ್ದರೆ. ನೀವು ವಕೀಲಿಕೆ ಮಾಡಬೇಡಿ, ಇಷ್ಟು ಹೇಳಿ ಉದ್ಯೋಗ ವಕೀಲರ ಹತ್ತಿರ ಕಳಿಸಿ. ಭಯದಲ್ಲಿ ಅದೇ ದಿನ ರಾಜೀನಾಮೆ ಬರೆದುಕೊಡೋದನ್ನು ತಡೆದರೂ ದೊಡ್ಡ ಉಪಕಾರ.

ಎರಡನೆಯದು ನೀವು ಕನ್ನಡದವರು ಅನ್ನೋದೇ. ಅದು ಅನುಕೂಲವೂ ಹೌದು, ತೊಡಕೂ ಹೌದು. ‘ನಿಮ್ಮದು ಯಾವ ಊರು? ಊರಲ್ಲಿ ಯಾವ ಬೀದಿ? ಮನೆದೇವರು ಯಾವುದು?’ ಅಂತ ಊಟದ ಟೇಬಲ್ಲಿನಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳುತ್ತಾ ಹೋದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಿಮಗೆ ಗೊತ್ತು. ಹೊರಗಿನ ಏಜೆನ್ಸಿಯ ಡಚ್ ಹೆಂಗಸಿಗೆ ಅದು ಊರ ಮೇಲಿನ ಅಕ್ಕರೆಯಾಗಿ ಕೇಳಿಸುತ್ತೆ. ಜಾತಿ ಕೆದಕುವ ಈ ಪ್ರಶ್ನೆ ಗುರುತಿಸೋಕೆ ಒಳಗಿನವರೇ ಬೇಕು. ಆದರೆ ಕೇಳಿದವರೂ ಕೇಳಿಸಿಕೊಂಡವರೂ ಯುಗಾದಿ ಊಟಕ್ಕೆ ನಿಮ್ಮ ಪಂಕ್ತಿಯಲ್ಲೇ ಕೂರುವವರಾದರೆ? ಆಗ ಮೊದಲ ಐದು ನಿಮಿಷದಲ್ಲೇ ‘ನನಗೆ ಇಬ್ಬರೂ ಪರಿಚಯ, ನೀವು ಬೇಕಾದರೆ ಹೊರಗಿನವರ ಹತ್ತಿರ ಹೋಗಬಹುದು, ನಾನೇ ನಂಬರ್ ಕೊಡ್ತೀನಿ’ ಅನ್ನಿ. ಇಬ್ಬರನ್ನು ನೇಮಿಸೋದು ಇದಕ್ಕೇ. ದೂರು ಹೇಳುವವರಿಗೂ ಆರೋಪ ಹೊತ್ತವರಿಗೂ ಒಬ್ಬರೇ ಸಲಹೆ ಕೊಡುವ ಹಾಗಿಲ್ಲ. ಆರೋಪ ಹೊತ್ತವರಿಗೂ ಜೊತೆಗೆ ಕೂರುವವರೊಬ್ಬರು ಬೇಕು ಅನ್ನೋದನ್ನು ಎಲ್ಲರೂ ಮರೀತಾರೆ.

ಇನ್ನು ಡಚ್ಚರ ನೇರ ಮಾತು. ‘ಇದು ಚೆನ್ನಾಗಿಲ್ಲ, ಮತ್ತೆ ಮಾಡು’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಹೊಸದಾಗಿ ಬಂದವರಿಗೆ ಕಿರುಕುಳ ಅನ್ನಿಸುತ್ತೆ. ನೋವು ಸುಳ್ಳು ಅಂತ ತಳ್ಳಿಹಾಕಬೇಡಿ. ಮಾತು ಕೆಲಸದ ಮೇಲಿತ್ತೋ ಮನುಷ್ಯನ ಮೇಲಿತ್ತೋ, ಒಬ್ಬರಿಗೇ ಆಗುತ್ತಿದೆಯೋ ಎಲ್ಲರಿಗೂ ಹಾಗೇನೋ, ಮತ್ತೆ ಮತ್ತೆ ಆಗಿದೆಯೋ, ತಿರುಗಿ ಮಾತಾಡುವ ಸ್ಥಿತಿ ಇತ್ತೋ ಅಂತ ಕೇಳಿ. ಉತ್ತರ ಅವರಿಗೇ ಹೊಳೆಯುತ್ತೆ.

ಅಂಕಿ_ಸಂಕಿ

‘ವಾತಾವರಣ ಬೆಳೆಸುವುದು’ ಅನ್ನುವ ಸಾಲಿಗೆ ಅರ್ಥ ಇದೆ. ಈ ಕೆಲಸಕ್ಕೆ ಮೂರು ಕಾಲು: ಬಂದವರ ಜೊತೆ ನಿಲ್ಲುವುದು, ಎಲ್ಲರಿಗೂ ತಿಳಿಸುವುದು, ಕಂಡದ್ದನ್ನು ಮೇಲಿನವರಿಗೆ ಹೇಳುವುದು. ಮೂರನೇ ಕಾಲು ಮುರಿದಿರುವ ಕಂಪನಿಗಳೇ ಹೆಚ್ಚು.

2022ರ ಜನವರಿಯಲ್ಲಿ ‘ದಿ ವಾಯ್ಸ್ ಆಫ್ ಹಾಲೆಂಡ್’ ಕಾರ್ಯಕ್ರಮದ ಕಿರುಕುಳದ ಆರೋಪಗಳು ಹೊರಬಿದ್ದಾಗ, ಅದನ್ನು ಹುಟ್ಟುಹಾಕಿದ ಜಾನ್ ಡಿ ಮೋಲ್ ಹೆಂಗಸರು ಮುಂದೆ ಬಂದು ಹೇಳಬೇಕಿತ್ತು ಅನ್ನುವ ಅರ್ಥದ ಮಾತಾಡಿದರು. ಅವರ ಕಂಪನಿಯ ಹೆಂಗಸರೇ ಪತ್ರಿಕೆಯಲ್ಲಿ ಪುಟದ ತುಂಬ ಜಾಹೀರಾತು ಕೊಟ್ಟು, ಸಮಸ್ಯೆ ಹೆಂಗಸರಲ್ಲಿಲ್ಲ ಅಂತ ಉತ್ತರಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಸರ್ಕಾರ ಈ ವಿಷಯಕ್ಕೇ ಮರಿಯೆಟ್ ಹಾಮರ್ ಅವರನ್ನು ವಿಶೇಷ ಆಯುಕ್ತರಾಗಿ ನೇಮಿಸಿತು. 2024ರ ಫೆಬ್ರವರಿಯಲ್ಲಿ ಮಾರ್ಟಿನ್ ಫಾನ್ ರೈನ್ ಸಮಿತಿ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಬಗ್ಗೆ ವರದಿ ಕೊಟ್ಟಾಗ, ನಾಲ್ಕರಲ್ಲಿ ಮೂರು ಪಾಲು ಜನ ಹಿಂದಿನ ಒಂದು ವರ್ಷದಲ್ಲಿ ಅನುಚಿತ ವರ್ತನೆಯನ್ನು ಅನುಭವಿಸಿದ್ದರು ಅಥವಾ ಕಣ್ಣಾರೆ ಕಂಡಿದ್ದರು. ಅಷ್ಟು ಜನ ನೋಡಿದ್ದು ಮೇಲಿನ ಮಹಡಿಗೆ ತಲುಪದೆ ಎಲ್ಲಿ ನಿಂತಿತು ಅನ್ನೋದೇ ನಿಮ್ಮ ಮೂರನೇ ಕಾಲಿನ ಪ್ರಶ್ನೆ.

ಕೈಯಲ್ಲಿರುವ ಮುಖ್ಯ ಸಾಧನ ವಾರ್ಷಿಕ ವರದಿ. ಎಷ್ಟು ಭೇಟಿ, ಯಾವ ಬಗೆ, ಎಷ್ಟು ಒಳಗೆ ಬಗೆಹರಿದವು, ಎಷ್ಟು ದೂರು ಸಮಿತಿಗೆ ಹೋದವು. ಡೈರೆಕ್ಟರಿಗೂ ಓಆರ್‌ಗೂ ಒಂದೇ ಪ್ರತಿ, ಒಂದೇ ದಿನ. 140 ಜನರಲ್ಲಿ ಮೂರೇ ಭೇಟಿ ಇದ್ದರೆ ವಿಭಾಗ, ಲಿಂಗ, ತಿಂಗಳು ಯಾವುದನ್ನೂ ಬಿಡಿಸಿ ಬರೆಯಬೇಡಿ. ‘ಮಾರ್ಚ್, ಟೆಸ್ಟಿಂಗ್, ಮಹಿಳೆ’ ಅಂದರೆ ಹೆಸರು ಬರೆದ ಹಾಗೇ.

ಸೊನ್ನೆ ಬಂದರೆ ಖುಷಿಪಡಬೇಡಿ. ನೌಕರರ ಸಮೀಕ್ಷೆಯಲ್ಲಿ ಹನ್ನೆರಡು ಜನ ಪೀಡನೆ ಕಂಡಿದ್ದೇನೆ ಅಂತ ಟಿಕ್ ಹಾಕಿ, ನಿಮ್ಮ ಹತ್ತಿರ ಒಬ್ಬರೂ ಬಂದಿಲ್ಲ ಅಂದರೆ, ನಿಮ್ಮ ಬಾಗಿಲ ಮೇಲೆ ನಂಬಿಕೆ ಇಲ್ಲ ಅಂತ. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ವರದಿಯಲ್ಲಿ ಬರೆಯಿರಿ. ಮೊದಲ ವರ್ಷ ಭೇಟಿಗಳು ಹೆಚ್ಚಾದರೆ ಮ್ಯಾನೇಜ್‌ಮೆಂಟ್ ಗಾಬರಿಯಾಗುತ್ತೆ, ‘ನಿಮ್ಮನ್ನು ನೇಮಿಸಿದ ಮೇಲೇ ಸಮಸ್ಯೆ ಶುರುವಾಯ್ತು’ ಅಂತ. ಮೊದಲೂ ಇತ್ತು, ಈಗ ಕಾಣುತ್ತಿದೆ ಅಂತ ಮುಂಚಿತವಾಗಿಯೇ ಹೇಳಿಟ್ಟಿರಿ.

ಕಂಡದ್ದನ್ನು ಮೇಲಿನವರಿಗೆ ಹೇಳೋದಕ್ಕೆ ವರ್ಷಾಂತ್ಯದವರೆಗೆ ಕಾಯಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಡೈರೆಕ್ಟರ್ ಜೊತೆ ಅರ್ಧ ಗಂಟೆ ಖಾಯಂ ಇಟ್ಟುಕೊಳ್ಳಿ. ಯಾವ ಭೇಟಿಯೂ ಇಲ್ಲದಿದ್ದರೂ ಹೋಗಿ, ಇಲ್ಲವಾದರೆ ನೀವು ಒಳಗೆ ಹೋದ ದಿನವೇ ‘ಏನೋ ಆಗಿದೆ’ ಅಂತ ಗೊತ್ತಾಗುತ್ತೆ. ಅಲ್ಲಿ ವ್ಯಕ್ತಿಯ ಬದಲು ಮಾದರಿಯ ಬಗ್ಗೆ ಮಾತಾಡಿ: ‘ರಾತ್ರಿ ಹತ್ತರ ಮೇಲೆ ಮೆಸೇಜಿಗೆ ಉತ್ತರಿಸದಿದ್ದರೆ ಮಾರನೇ ದಿನ ಗುಂಪಿನೆದುರು ಕೇಳುವ ಅಭ್ಯಾಸ ಒಂದಕ್ಕಿಂತ ಹೆಚ್ಚು ಕಡೆ ಇದೆ.’ ಇದಕ್ಕೆ ಅವರು ಏನು ಮಾಡಿದರು ಅಂತ ಮುಂದಿನ ಸಲ ಕೇಳಿ.

ಅಕ್ಕಿರೊಟ್ಟಿ_ಐಂಡ್‌ಹೋವನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ. ಕರಡಿನಲ್ಲಿ ‘ಸಲಹೆಗಾರರು ಹೆಸರು ಹೇಳದೆ ಸಂಬಂಧಪಟ್ಟ ಟೀಮಿನ ಮಾಹಿತಿಯನ್ನು ಆಡಳಿತಕ್ಕೆ ನೀಡತಕ್ಕದ್ದು’ ಅಂತಿದೆ. ಹೆಸರಿಲ್ಲವಲ್ಲ, ಒಪ್ಪಬಹುದಾ?

ಮಾತು_ಕಡಿಮೆ

ಬೇಡ. ನಿಮ್ಮಲ್ಲಿ ಆರು ಜನರ ಟೀಮುಗಳಿದ್ದರೆ ಟೀಮು ಹೇಳಿದ ಮಾರನೇ ದಿನ ಹೆಸರು ಗೊತ್ತಾಗುತ್ತೆ. ಆ ಸಾಲು ಹೊಡೆದುಹಾಕಿಸಿ, ಬದಲಿಗೆ ಇದನ್ನು ಬರೆಸಿ: ‘ಭೇಟಿ ನೀಡಿದವರ ಒಪ್ಪಿಗೆಯಿಲ್ಲದೆ ಅವರ ಗುರುತು ಸಿಗಬಹುದಾದ ಯಾವ ಮಾಹಿತಿಯನ್ನೂ ಸಲಹೆಗಾರರಿಂದ ಕೇಳುವಂತಿಲ್ಲ.’ ಕೊಡುವಂತಿಲ್ಲ ಅಂತ ಬರೆದರೆ ಸಾಲದು, ಕೇಳುವಂತಿಲ್ಲ ಅಂತಲೇ ಇರಬೇಕು.

ಅದೇ ಪತ್ರದಲ್ಲಿ ವಾರಕ್ಕೋ ತಿಂಗಳಿಗೋ ಎಷ್ಟು ಗಂಟೆ, ತರಬೇತಿ ಖರ್ಚು ಯಾರದ್ದು, ಈ ಕೆಲಸದ ಕಾರಣಕ್ಕೆ ಅಪ್ರೈಸಲ್ಲಿಗಾಗಲೀ ನೌಕರಿಗಾಗಲೀ ತೊಂದರೆ ಕೊಡುವಂತಿಲ್ಲ ಅನ್ನೋದೂ ಇರಲಿ. ಓಆರ್ ಸದಸ್ಯರಿಗಿರುವ ವಜಾ ರಕ್ಷಣೆ ತಾನಾಗಿಯೇ ನಿಮಗೂ ಬರುತ್ತೆ ಅಂದುಕೊಳ್ಳಬೇಡಿ. ಇದೆಲ್ಲ ಸಹಿ ಹಾಕೋಕೆ ಮುಂಚೆ.

ಮತ್ತೆ ಪೋಸ್ಟರ್. ಕಾಫಿ ಮಷೀನಿನ ಪಕ್ಕ ಅಂಟಿಸಿದರೆ ಅದರ ಮುಂದೆ ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಯಾರಿಗೂ ಬರಲ್ಲ. ಟಾಯ್ಲೆಟ್ ಬಾಗಿಲಿನ ಒಳಗಡೆ, ಕೂತರೆ ಕಣ್ಣಿಗೆ ಬೀಳುವ ಎತ್ತರಕ್ಕೆ ಅಂಟಿಸಿ. ಇಬ್ಬರ ಫೋಟೋ, ಇಬ್ಬರ ನಂಬರ್, ಯಾವ ಭಾಷೆ ಮಾತಾಡ್ತೀರಿ ಅನ್ನೋದು. ನಿಮ್ಮ ಹೆಸರಿನ ಕೆಳಗೆ ‘ಕನ್ನಡ’ ಅಂತ ಕನ್ನಡ ಅಕ್ಷರದಲ್ಲೇ ಇರಲಿ.